ಒಕ್ಕೂಟ ಸೇರದ ತಂಡ: ನೋಟರ್ ಡೇಮ್‌ನ ಪಂದ್ಯಪಟ್ಟಿಯ ಚರಿತ್ರೆ

ಪಾಲಾರ್ ಸೇತುವೆಯ ಈಚೆ ಕರ್ನಾಟಕ, ಆಚೆ ತಮಿಳುನಾಡು. ಮಲೆ ಮಹದೇಶ್ವರ ಬೆಟ್ಟದಿಂದ ಮೆಟ್ಟೂರಿನ ಕಡೆಗೆ ಹೋಗುವ ಬಸ್ಸಿನಲ್ಲಿ ಕುಳಿತವರಿಗೆ ಈ ಗಡಿ ಒಂದು ಹೊಳೆ, ಒಂದು ಸೇತುವೆ, ಚೆಕ್‌ಪೋಸ್ಟು, ಅಷ್ಟೇ. ಇಲ್ಲಿಯ ಜನರಿಗೆ ಹಾಗಲ್ಲ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಆಗುವ ತನಕ ಕೊಳ್ಳೇಗಾಲ ತಾಲ್ಲೂಕು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಆಮೇಲೆ ಮೈಸೂರು ಜಿಲ್ಲೆ, 1997ರಿಂದ ಚಾಮರಾಜನಗರ ಜಿಲ್ಲೆ, ಈಗ ಹನೂರೇ ಪ್ರತ್ಯೇಕ ತಾಲ್ಲೂಕು. ಮನೆಯೊಳಗೆ ತಮಿಳು, ಕಚೇರಿಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಹೀಗಾಗಿ "ನೀವು ಯಾವ ಕಡೆಯವರು?" ಎಂಬ ಪ್ರಶ್ನೆ ನಮ್ಮ ಯುವಕರಿಗೆ ಹೊಸದೇನಲ್ಲ.

ಈ ಪ್ರಶ್ನೆ ಒಮ್ಮೆ ವಾಲಿಬಾಲ್ ಅಂಗಳದಲ್ಲೂ ಎದುರಾಯಿತು. ಒಂದು ಊರಿನ ಹಬ್ಬದ ಪಂದ್ಯಾವಳಿಗೆ ನಮ್ಮ ಹುಡುಗರನ್ನು ಕರೆದುಕೊಂಡು ಹೋಗಿದ್ದೆವು. ಅಲ್ಲಿ ತಂಡಗಳನ್ನು ವಲಯಗಳಾಗಿ ಹಂಚಿದ್ದರು. ನಮ್ಮವರು ಯಾವ ವಲಯಕ್ಕೂ ಸೇರದವರಾದ್ದರಿಂದ ಎಲ್ಲಿ ಜಾಗ ಉಳಿಯಿತೋ ಅಲ್ಲಿಗೆ ಸೇರಿಸಿದರು. ಮೊದಲ ಪಂದ್ಯವೇ ಹಿಂದಿನ ವರ್ಷ ಕಪ್ ಗೆದ್ದವರ ಎದುರು. ಅದರಲ್ಲಿ ಕೂದಲೆಳೆಯ ಅಂತರದಿಂದ ಸೋತರು. ಉಳಿದ ಎರಡನ್ನು ಗೆದ್ದರೂ ಸೆಮಿಫೈನಲ್‌ಗೆ ಕರೆ ಬರಲಿಲ್ಲ. ಎಳೆಯ ಹುಡುಗರ ಎರಡು ತಂಡಗಳನ್ನು ಸೋಲಿಸಿದ ಇನ್ನೊಂದು ತಂಡಕ್ಕೆ ಆ ಜಾಗ ಸಿಕ್ಕಿತು. ಹಿಂದಿರುಗುವಾಗ ಟೆಂಪೋದಲ್ಲಿ ಒಬ್ಬ ಹುಡುಗ, "ಸ್ವಾಮಿ, ಅವರು ಯಾರ ಮೇಲೆ ಗೆದ್ದರು, ನಾವು ಯಾರ ಮೇಲೆ ಸೋತೆವು ಅಂತ ಯಾರೂ ಕೇಳೋದೇ ಇಲ್ವಾ?" ಎಂದ. ನಮಗೆ ಉತ್ತರ ಹೊಳೆಯಲಿಲ್ಲ. ಆದರೆ ಆ ಪ್ರಶ್ನೆಯನ್ನು ನೂರು ವರ್ಷಗಳಿಂದ ಕೇಳುತ್ತಾ ಬಂದಿರುವ ಒಂದು ತಂಡ ನೆನಪಾಯಿತು. ಅದು ನಮ್ಮ ಮಾತೆಯ ಹೆಸರನ್ನು ಹೊತ್ತ ತಂಡವೂ ಹೌದು. ಅದರ ಕಥೆಯನ್ನು ಅಂದು ಅರ್ಧ ಹೇಳಿ, ಉಳಿದದ್ದನ್ನು ಬರೆದು ಕೊಡುತ್ತೇವೆ ಎಂದು ಮಾತು ಕೊಟ್ಟಿದ್ದೆವು.

ಪ್ರಿಯ ಓದುಗರೇ, ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ ಸೌತ್ ಬೆಂಡ್ ಎಂಬ ಊರಿದೆ. 1842ರ ನವೆಂಬರ್ ಕೊನೆಯಲ್ಲಿ, ಹಿಮ ಬಿದ್ದ ಕಾಲದಲ್ಲಿ, ಪವಿತ್ರ ಶಿಲುಬೆಯ ಸಭೆಗೆ ಸೇರಿದ ಎಡ್ವರ್ಡ್ ಸೋರಿನ್ ಎಂಬ 28 ವರ್ಷದ ಫ್ರೆಂಚ್ ಗುರು ಕೆಲವು ಸಹೋದರರೊಡನೆ ಅಲ್ಲಿಗೆ ಬಂದು, ಕೆರೆಯ ದಡದಲ್ಲಿ ಒಂದು ವಿದ್ಯಾಸಂಸ್ಥೆಗೆ ಅಡಿಪಾಯ ಹಾಕಿದರು. 'ಕೆರೆಯ ನಮ್ಮ ಮಾತೆ' ಎಂಬ ಅರ್ಥದ ಫ್ರೆಂಚ್ ಹೆಸರನ್ನಿಟ್ಟರು. ಅದರ ಮೊದಲ ಭಾಗವೇ ಅಮೆರಿಕನ್ನರ ಬಾಯಲ್ಲಿ ನೋಟರ್ ಡೇಮ್ ಆಯಿತು. 1879ರ ಏಪ್ರಿಲ್‌ನಲ್ಲಿ ಮುಖ್ಯ ಕಟ್ಟಡ ಬೆಂಕಿಗೆ ಆಹುತಿಯಾಯಿತು. ಸೋರಿನ್‌ರವರು ಅದನ್ನು ಇನ್ನೂ ದೊಡ್ಡದಾಗಿ ಕಟ್ಟಿಸಿದರು. ಈಗ ಅದರ ಚಿನ್ನದ ಗುಮ್ಮಟದ ಮೇಲೆ ಮಾತೆ ಮರಿಯಮ್ಮನವರ ಪ್ರತಿಮೆ ನಿಂತಿದೆ.

ಅಲ್ಲಿ ಆಡುವ ಫುಟ್‌ಬಾಲ್ ನಮ್ಮ ಮೈದಾನಗಳ ಫುಟ್‌ಬಾಲ್ ಅಲ್ಲ. ಚೆಂಡು ಮೊಟ್ಟೆಯಾಕಾರದ್ದು. ಅದನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ಎದುರಾಳಿಗಳು ಮೈಮೇಲೆ ಬಿದ್ದು ತಡೆಯುತ್ತಾರೆ. ನಮ್ಮ ಕಬಡ್ಡಿಯ ಪಟ್ಟಿಗೂ ಅದಕ್ಕೂ ಸ್ವಲ್ಪ ನೆಂಟಸ್ತಿಕೆ ಇದೆ ಎನ್ನಬಹುದು. ಆಟದ ನಿಯಮಗಳು ಈ ಕಥೆಗೆ ಹೆಚ್ಚು ಬೇಕಾಗಿಲ್ಲ. ಬೇಕಾದದ್ದು ಒಂದು ಲೆಕ್ಕ ಮಾತ್ರ. ಕಾಲೇಜುಗಳ ಅತ್ಯುನ್ನತ ದರ್ಜೆಯಲ್ಲಿ ಈಗ 130ಕ್ಕೂ ಹೆಚ್ಚು ತಂಡಗಳಿವೆ. ಮೈಮುರಿಯುವ ಆಟವಾದ್ದರಿಂದ ವಾರಕ್ಕೆ ಒಂದೇ ಪಂದ್ಯ, ಒಂದು ಋತುವಿನಲ್ಲಿ ಒಂದು ತಂಡಕ್ಕೆ ಹನ್ನೆರಡು ಪಂದ್ಯ. ಎಲ್ಲರೂ ಎಲ್ಲರ ಎದುರು ಆಡುವುದು ಆಗದ ಮಾತು. ಹಾಗಾದರೆ ದೇಶಕ್ಕೆ ಮೊದಲಿಗರು ಯಾರು ಎಂದು ನಿರ್ಧರಿಸುವುದು ಹೇಗೆ? ಯಾರು ಎಷ್ಟು ಗೆದ್ದರು ಎಂದು ಎಣಿಸಿದರೆ ಸಾಲದು, ಯಾರ ಮೇಲೆ ಗೆದ್ದರು ಎಂದು ತೂಗಬೇಕು. ತೂಗುವ ಕೈ ಯಾರದು ಎಂಬುದು ಇನ್ನೊಂದು ಪ್ರಶ್ನೆ.

ನಮ್ಮ ರಾಜ್ಯದ ಕ್ರಿಕೆಟ್ ಪ್ರೇಮಿಗಳಿಗೆ ಈ ಸಂಕಟ ಅಪರಿಚಿತವಲ್ಲ. ರಣಜಿ ಟ್ರೋಫಿಯಲ್ಲಿ ಬಹುಕಾಲ ಪ್ರತಿ ವಲಯದಿಂದ ಒಂದೇ ತಂಡ ಮುಂದಿನ ಸುತ್ತಿಗೆ ಹೋಗುತ್ತಿತ್ತು. ನಮ್ಮ ಮೈಸೂರು ತಂಡ ಮದರಾಸು ಮತ್ತು ಹೈದರಾಬಾದ್ ಇದ್ದ ದಕ್ಷಿಣ ವಲಯದಲ್ಲಿತ್ತು. ಮನೆಯ ಬಾಗಿಲಲ್ಲೇ ಅಷ್ಟು ದೊಡ್ಡ ಜಗಳ ಗೆದ್ದು ಬಂದರೆ ಮಾತ್ರ ಬೊಂಬಾಯಿಯ ಮುಖ ನೋಡುವ ಭಾಗ್ಯ. 1970ರ ದಶಕದ ಆರಂಭದಲ್ಲಿ ವಲಯಕ್ಕೆ ಎರಡು ತಂಡ ಎಂಬ ನಿಯಮ ಬಂದಿತು. ಸತತ 15 ಬಾರಿ ಗೆದ್ದಿದ್ದ ಬೊಂಬಾಯಿಯನ್ನು 1974ರಲ್ಲಿ ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಮಣಿಸಿದ್ದು ಪ್ರಸನ್ನರ ನಾಯಕತ್ವದ ಕರ್ನಾಟಕ. ಆದರೂ ಅಲ್ಲಿ ವಲಯ ಎಂಬುದೊಂದಿತ್ತು, ಕೊನೆಗೆ ಫೈನಲ್ ಎಂಬುದೊಂದಿತ್ತು. ನೋಟರ್ ಡೇಮ್‌ಗೆ ಬಹುಕಾಲ ಅವೆರಡೂ ಇರಲಿಲ್ಲ.

ಏಕೆ ಇರಲಿಲ್ಲ? ಇದು ಚರಿತ್ರೆಯ ಮುಖ್ಯ ಗಂಟು. 1887ರ ನವೆಂಬರ್ 23ರಂದು ನೆರೆಯ ಮಿಚಿಗನ್ ವಿಶ್ವವಿದ್ಯಾಲಯದವರು ಬಂದು ನೋಟರ್ ಡೇಮ್ ವಿದ್ಯಾರ್ಥಿಗಳಿಗೆ ಈ ಆಟವನ್ನು ಕಲಿಸಿ, ಅಂದೇ 8-0 ಅಂಕಗಳಿಂದ ಸೋಲಿಸಿಯೂ ಹೋದರು. ಕಲಿಸಿದವರನ್ನು ಶಿಷ್ಯರು ಮೊದಲ ಬಾರಿ ಸೋಲಿಸಿದ್ದು 1909ರಲ್ಲಿ, 11-3ರಿಂದ. ಮರುವರ್ಷವೇ ಮಿಚಿಗನ್‌ನವರು ಆಟಗಾರರ ಅರ್ಹತೆಯ ವಿವಾದ ಎತ್ತಿ ಪಂದ್ಯವನ್ನು ರದ್ದು ಮಾಡಿದರು. ಅಲ್ಲಿಂದ 1942ರವರೆಗೆ ಎರಡು ತಂಡಗಳು ಮತ್ತೆ ಮುಖಾಮುಖಿಯಾಗಲಿಲ್ಲ. ಆ ಪ್ರದೇಶದ ದೊಡ್ಡ ವಿಶ್ವವಿದ್ಯಾಲಯಗಳು ಸೇರಿ ಕಟ್ಟಿಕೊಂಡಿದ್ದ ಒಕ್ಕೂಟ ಮುಂದೆ 'ಬಿಗ್ ಟೆನ್' ಎಂದು ಹೆಸರಾಯಿತು. ಅದಕ್ಕೆ ಸೇರಲು ನೋಟರ್ ಡೇಮ್ ಒಂದಕ್ಕಿಂತ ಹೆಚ್ಚು ಬಾರಿ ಅರ್ಜಿ ಹಾಕಿತು, ಬಾಗಿಲು ತೆರೆಯಲಿಲ್ಲ. ವಿದ್ಯಾಮಟ್ಟ, ಆಟಗಾರರ ಅರ್ಹತೆ ಎಂಬ ಕಾರಣಗಳನ್ನು ಮುಂದಿಟ್ಟರು. ಅದರ ಹಿಂದೆ ಕಥೋಲಿಕರ ಬಗೆಗಿನ ಅಸಡ್ಡೆಯೂ ಇತ್ತು ಎಂದು ಚರಿತ್ರಕಾರರು ಬರೆಯುತ್ತಾರೆ. ಮಿಚಿಗನ್‌ನ ಪ್ರಸಿದ್ಧ ತರಬೇತುದಾರ ಫೀಲ್ಡಿಂಗ್ ಯೋಸ್ಟ್‌ರ ಹೆಸರು ಈ ವಿರೋಧದ ಜೊತೆಗೆ ಅಂಟಿಕೊಂಡೇ ಬಂದಿದೆ. ಐರಿಷ್, ಪೋಲಿಷ್, ಇಟಾಲಿಯನ್ ವಲಸೆಗಾರರ ಮಕ್ಕಳು ಓದುತ್ತಿದ್ದ ಕಾಲೇಜು ಅದು. ಆಗಿನ ಅಮೆರಿಕದಲ್ಲಿ ಅವರು 'ಯಾವ ಕಡೆಯವರು' ಎಂದು ಕೇಳಿಸಿಕೊಳ್ಳುತ್ತಿದ್ದವರು.

ನೆರೆಯವರು ಆಡಲು ಒಪ್ಪದಿದ್ದರೆ ದೂರದವರನ್ನು ಹುಡುಕಬೇಕು. 1913ರಲ್ಲಿ ಜೆಸ್ಸಿ ಹಾರ್ಪರ್ ಎಂಬ ಯುವ ತರಬೇತುದಾರರು ಅಧಿಕಾರ ವಹಿಸಿಕೊಂಡು ದೇಶದ ಉದ್ದಗಲಕ್ಕೂ ಪತ್ರ ಬರೆದರು. ಪೂರ್ವದಲ್ಲಿ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿ ಮತ್ತು ಪೆನ್ ಸ್ಟೇಟ್, ದಕ್ಷಿಣದಲ್ಲಿ ಟೆಕ್ಸಸ್ ಒಪ್ಪಿಕೊಂಡವು. 1913ರ ನವೆಂಬರ್ 1ರಂದು ರೈಲಿನಲ್ಲಿ ಹೋದ ಹುಡುಗರು ಸೇನಾ ಅಕಾಡೆಮಿಯನ್ನು ಅದರ ಅಂಗಳದಲ್ಲೇ 35-13ರಿಂದ ಸೋಲಿಸಿದರು. ಗಸ್ ಡೊರಾಯಿಸ್ ಚೆಂಡನ್ನು ದೂರಕ್ಕೆ ಎಸೆಯುವುದು, ಕ್ನೂಟ್ ರಾಕ್ನಿ ಓಡಿ ಹಿಡಿಯುವುದು. ಆ ಕಾಲಕ್ಕೆ ಅಷ್ಟಾಗಿ ಬಳಕೆಯಲ್ಲಿಲ್ಲದ ತಂತ್ರ ಅದು. ಮಾರನೆಯ ದಿನ ನ್ಯೂಯಾರ್ಕಿನ ಪತ್ರಿಕೆಗಳಲ್ಲಿ ಇಂಡಿಯಾನಾದ ಒಂದು ಕಥೋಲಿಕ ಕಾಲೇಜಿನ ಹೆಸರು ಬಂದಿತು. ನೆರೆಯವರು ಮುಚ್ಚಿದ ಬಾಗಿಲೇ ಅವರನ್ನು ದೇಶದ ಮುಂದೆ ನಿಲ್ಲಿಸಿತು ಎಂದು ನಮಗೆ ಅನ್ನಿಸುತ್ತದೆ. ನೆರೆಯ ಒಕ್ಕೂಟಕ್ಕೆ ಅಂದೇ ಸೇರಿದ್ದರೆ ನೋಟರ್ ಡೇಮ್ ಆ ಪ್ರದೇಶದ ಇನ್ನೊಂದು ಒಳ್ಳೆಯ ತಂಡವಾಗಿ ಉಳಿಯುತ್ತಿತ್ತೇನೋ.

ಆ ರಾಕ್ನಿಯೇ 1918ರಲ್ಲಿ ತರಬೇತುದಾರರಾದರು. ನಾರ್ವೆಯ ವೋಸ್ ಎಂಬಲ್ಲಿ ಹುಟ್ಟಿದ ಲೂಥರನ್, 1925ರಲ್ಲಿ ಕಥೋಲಿಕ ಧರ್ಮಸಭೆಗೆ ಸೇರಿದವರು. 13 ಋತುಗಳಲ್ಲಿ ಅವರ ತಂಡ ಗೆದ್ದದ್ದು 105, ಸೋತದ್ದು ಕೇವಲ 12, ಸಮ 5. ಪತ್ರಿಕೆಯವರು ಈ ತಂಡವನ್ನು 'ರ್ಯಾಂಬ್ಲರ್ಸ್' ಅಂದರೆ ಅಲೆಮಾರಿಗಳು ಎಂದು ಕರೆಯುತ್ತಿದ್ದರು. ಕಾಲೇಜು ಹುಡುಗರು ಪಾಠ ಬಿಟ್ಟು ಊರೂರು ಸುತ್ತುತ್ತಾರೆ ಎಂಬ ಚುಚ್ಚು ಅದರಲ್ಲಿ ಇತ್ತು. 1924ರಲ್ಲಿ ಅವರು ನ್ಯೂಯಾರ್ಕಿನಲ್ಲಿ ಸೇನಾ ಅಕಾಡೆಮಿಯನ್ನು, ಅಲ್ಲದೆ ಪ್ರಿನ್ಸ್‌ಟನ್, ಜಾರ್ಜಿಯಾ ಟೆಕ್, ವಿಸ್ಕಾನ್ಸಿನ್, ನೆಬ್ರಾಸ್ಕಾ ತಂಡಗಳನ್ನು ಸೋಲಿಸಿ, 1925ರ ಜನವರಿ 1ರಂದು ಕ್ಯಾಲಿಫೋರ್ನಿಯಾದ ರೋಸ್ ಬೌಲ್‌ನಲ್ಲಿ ಸ್ಟ್ಯಾನ್‌ಫರ್ಡ್ ತಂಡವನ್ನೂ 27-10ರಿಂದ ಮಣಿಸಿದರು. ಅದೇ 1924ರಲ್ಲಿ ಇಂಡಿಯಾನಾದಲ್ಲಿ ಕೂ ಕ್ಲಕ್ಸ್ ಕ್ಲಾನ್ ಎಂಬ ದ್ವೇಷಕೂಟ ಬಲವಾಗಿತ್ತು. ಮೇ ತಿಂಗಳಲ್ಲಿ ಸೌತ್ ಬೆಂಡ್‌ನ ಬೀದಿಯಲ್ಲೇ ಕ್ಲಾನಿನವರಿಗೂ ವಿದ್ಯಾರ್ಥಿಗಳಿಗೂ ಹೊಡೆದಾಟ ಆಗಿತ್ತು. ಆ ವರ್ಷದ ಪಂದ್ಯಪಟ್ಟಿಯನ್ನು ಓದುವಾಗ ಈ ಹಿನ್ನೆಲೆಯನ್ನು ಮರೆಯಬಾರದು.

1929ರದ್ದು ಇನ್ನೂ ವಿಚಿತ್ರ. ಹೊಸ ಕ್ರೀಡಾಂಗಣದ ಕಾರಣದಿಂದ ಇಡೀ ಋತುವಿನಲ್ಲಿ ತಮ್ಮ ಊರಿನಲ್ಲಿ ಒಂದೂ ಪಂದ್ಯ ಇಲ್ಲ. ಒಂಬತ್ತಕ್ಕೆ ಒಂಬತ್ತೂ ಹೊರಗೆ. ಒಂಬತ್ತನ್ನೂ ಗೆದ್ದು ದೇಶದ ಚಾಂಪಿಯನ್ ಎನಿಸಿಕೊಂಡರು. 1931ರ ಮಾರ್ಚ್ 31ರಂದು ರಾಕ್ನಿಯವರು ಕ್ಯಾನ್ಸಸ್‌ನಲ್ಲಿ ವಿಮಾನ ದುರಂತದಲ್ಲಿ ತೀರಿಕೊಂಡಾಗ ದೇಶವೇ ಅತ್ತಿತು.

ಈಗ 1943ಕ್ಕೆ ಬರೋಣ. ಟೆಂಪೋದಲ್ಲಿ ಪ್ರಶ್ನೆ ಕೇಳಿದ ಹುಡುಗನಿಗೆ ನಾವು ಮೊದಲು ಹೇಳಿದ್ದು ಈ ವರ್ಷದ ಕಥೆಯನ್ನೇ. ಯುದ್ಧದ ಕಾಲ. 1936ರಿಂದ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಕ್ರೀಡಾ ಪತ್ರಕರ್ತರ ಮತ ಪಡೆದು ತಂಡಗಳಿಗೆ ಶ್ರೇಯಾಂಕ ಕೊಡುತ್ತಿತ್ತು. ಫೈನಲ್ ಪಂದ್ಯ ಇಲ್ಲದ ಆ ಆಟದಲ್ಲಿ ಪತ್ರಕರ್ತರ ಮತವೇ ಕಿರೀಟ. ಫ್ರಾಂಕ್ ಲೀಹಿ ತರಬೇತಿಯ ನೋಟರ್ ಡೇಮ್ ಮಿಚಿಗನ್ ಅನ್ನು 35-12, ನೌಕಾ ಅಕಾಡೆಮಿಯನ್ನು 33-6, ಸೇನಾ ಅಕಾಡೆಮಿಯನ್ನು 26-0 ಅಂತರದಿಂದ ಗೆದ್ದಿತು. ಋತುವಿನ ನಡುವೆಯೇ ಅದರ ಮುಖ್ಯ ಆಟಗಾರ ಏಂಜೆಲೊ ಬರ್ಟೆಲಿಗೆ ಸೈನ್ಯದ ಕರೆ ಬಂದು ತಂಡ ಬಿಟ್ಟು ಹೋಗಬೇಕಾಯಿತು. ಹದಿನೆಂಟರ ಹುಡುಗ ಜಾನಿ ಲುಜಾಕ್ ಅವನ ಜಾಗಕ್ಕೆ ಬಂದ. ಮುಂದೆ ಐಯೊವಾದ ನೌಕಾ ವಿಮಾನ ತರಬೇತಿ ಶಾಲೆಯ ಎದುರು ಒಂದೇ ಅಂಕದ ಗೆಲುವು, 14-13. ಅಲ್ಲಿಗೆ ಒಂಬತ್ತು ಗೆಲುವು.

ಹತ್ತನೆಯದು ನವೆಂಬರ್ 27ರಂದು, ಗ್ರೇಟ್ ಲೇಕ್ಸ್ ನೌಕಾನೆಲೆಯ ತಂಡದೊಡನೆ. ಯುದ್ಧಕ್ಕೆ ಹೋಗಲು ತರಬೇತಿ ಪಡೆಯುತ್ತಿದ್ದ, ವಯಸ್ಸಿನಲ್ಲೂ ಅನುಭವದಲ್ಲೂ ದೊಡ್ಡವರಾದ ಆಟಗಾರರು ಅದರಲ್ಲಿದ್ದರು. ನೋಟರ್ ಡೇಮ್ 14-12ರಿಂದ ಮುಂದಿತ್ತು. ಆಟ ಮುಗಿಯಲು ಒಂದು ನಿಮಿಷವೂ ಉಳಿಯದಿದ್ದಾಗ ಗ್ರೇಟ್ ಲೇಕ್ಸ್‌ನ ಒಂದು ಉದ್ದನೆಯ ಎಸೆತ ಗುರಿ ತಲುಪಿತು. 19-14. ಸೋತೇ ಹೋದರು. ಅದೇ ವರ್ಷ ಅದೇ ಇಂಡಿಯಾನಾ ರಾಜ್ಯದ ಪರ್ಡ್ಯೂ ತಂಡ ಆಡಿದ ಒಂಬತ್ತನ್ನೂ ಗೆದ್ದಿತ್ತು. ಬರೀ ಎಣಿಕೆಯ ಲೆಕ್ಕದಲ್ಲಿ ಪಟ್ಟ ಪರ್ಡ್ಯೂಗೆ ಸೇರಬೇಕು. ಪತ್ರಕರ್ತರ ಕೊನೆಯ ಮತದಾನದಲ್ಲಿ ಮೊದಲ ಸ್ಥಾನ ಸೋತ ನೋಟರ್ ಡೇಮ್‌ಗೆ ಸಿಕ್ಕಿತು. ಎರಡನೆಯದು ಐಯೊವಾದ ನೌಕಾಶಾಲೆ, ಮೂರನೆಯದು ಮಿಚಿಗನ್, ನಾಲ್ಕನೆಯದು ನೌಕಾ ಅಕಾಡೆಮಿ. ಈ ಮೂವರನ್ನೂ ನೋಟರ್ ಡೇಮ್ ಸೋಲಿಸಿತ್ತು. ಸೋಲಿಲ್ಲದ ಪರ್ಡ್ಯೂ ಐದನೆಯದು, ನೋಟರ್ ಡೇಮ್ ಅನ್ನು ಸೋಲಿಸಿದ ಗ್ರೇಟ್ ಲೇಕ್ಸ್ ಆರನೆಯದು. "ಯಾರ ಮೇಲೆ ಗೆದ್ದರು, ಯಾರ ಮೇಲೆ ಸೋತರು ಅಂತ ಕೇಳೋದೇ ಇಲ್ವಾ" ಎಂದರೆ, 1943ರಲ್ಲಿ ಕೇಳಿದ್ದರು. ಒಕ್ಕೂಟವಿಲ್ಲದ ತಂಡಕ್ಕೆ ಅದರ ಪಂದ್ಯಪಟ್ಟಿಯೇ ಸಾಕ್ಷಿ ಹೇಳಿತು.

ಈ ಸಾಕ್ಷಿ ಎಲ್ಲ ನ್ಯಾಯಾಲಯದಲ್ಲೂ ನಡೆಯುವುದಿಲ್ಲ ಎಂಬುದಕ್ಕೆ ಐವತ್ತು ವರ್ಷಗಳ ನಂತರದ ಕಥೆ ಇದೆ. 1988ರಲ್ಲಿ ಲೂ ಹೋಲ್ಟ್ಸ್ ತರಬೇತಿಯಲ್ಲಿ ನೋಟರ್ ಡೇಮ್ 12ಕ್ಕೆ 12 ಗೆದ್ದು ಚಾಂಪಿಯನ್ ಆಗಿತ್ತು. ಅದು ಇಂದಿನವರೆಗೆ ಅವರ ಕೊನೆಯ ಪಟ್ಟ. 1993ರಲ್ಲಿ ಮತ್ತೆ ಕೈಗೆ ಬಂದಂತಾಯಿತು. ನವೆಂಬರ್ 13ರಂದು ಮೊದಲ ಸ್ಥಾನದ ಫ್ಲೋರಿಡಾ ಸ್ಟೇಟ್ ಎರಡನೆಯ ಸ್ಥಾನದ ನೋಟರ್ ಡೇಮ್‌ನ ಅಂಗಳಕ್ಕೆ ಬಂದು 31-24ರಿಂದ ಸೋತಿತು. ಒಂದೇ ವಾರ. ನವೆಂಬರ್ 20ರಂದು ಬಾಸ್ಟನ್ ಕಾಲೇಜಿನವರು ಕೊನೆಯ ಕ್ಷಣದ ಒದೆತದಿಂದ ನೋಟರ್ ಡೇಮ್ ಅನ್ನು 41-39ರಿಂದ ಸೋಲಿಸಿದರು. ಬಾಸ್ಟನ್ ಕಾಲೇಜು ಯೇಸುಸಭೆಯವರದ್ದು, ಅಂದರೆ ನಮ್ಮವರೇ ನಮ್ಮವರಿಗೆ ಎಡವುಗಲ್ಲಾದದ್ದು! ಋತು ಮುಗಿದಾಗ ಎರಡು ತಂಡಗಳಿಗೂ ಒಂದೊಂದೇ ಸೋಲು. ಫ್ಲೋರಿಡಾ ಸ್ಟೇಟ್‌ನ ಆ ಒಂದು ಸೋಲು ನೋಟರ್ ಡೇಮ್‌ನ ಕೈಯಲ್ಲೇ ಆದದ್ದು. ಆದರೂ ಮತ ಹಾಕಿದವರು ಫ್ಲೋರಿಡಾ ಸ್ಟೇಟ್‌ಗೆ ಪಟ್ಟ ಕಟ್ಟಿದರು. ಇಡೀ ಋತುವನ್ನು ನೋಡಿದೆವು, ಮುಖಾಮುಖಿಯ ಒಂದು ಪಂದ್ಯವನ್ನಲ್ಲ ಎಂಬುದು ಆ ತೀರ್ಪನ್ನು ಸಮರ್ಥಿಸಿದವರ ವಾದ. ಈ ವಾದವನ್ನು ಓದುಗರು ಸ್ವಲ್ಪ ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಈ ನಡುವೆ ಕಾಲ ಬದಲಾಗಿತ್ತು. 1991ರಿಂದ ಎನ್‌ಬಿಸಿ ದೂರದರ್ಶನ ನೋಟರ್ ಡೇಮ್‌ನ ಊರಿನ ಪಂದ್ಯಗಳನ್ನೆಲ್ಲ ಪ್ರಸಾರ ಮಾಡತೊಡಗಿತು. ಒಂದೇ ಕಾಲೇಜಿಗೆ ಒಂದು ರಾಷ್ಟ್ರೀಯ ವಾಹಿನಿ! ಹಿಂದೆ ಬಾಗಿಲು ಹಾಕಿದ್ದ ಬಿಗ್ ಟೆನ್ ಒಕ್ಕೂಟವೇ ಈಗ ಬನ್ನಿ ಎಂದು ಕರೆಯಿತು. 1999ರ ಫೆಬ್ರವರಿಯಲ್ಲಿ ವಿಶ್ವವಿದ್ಯಾಲಯದ ಆಡಳಿತ ಮಂಡಳಿ ಬೇಡವೆಂದಿತು. ಅಂದು ಬಲವಂತದಿಂದ ಬಂದ ಒಂಟಿತನ ಇಂದು ಸ್ವಂತ ಆಯ್ಕೆಯಾಗಿತ್ತು. ಇಲ್ಲಿ ನಾವು ಪ್ರಾಮಾಣಿಕವಾಗಿ ಹೇಳಬೇಕು: ಆ ಹೊತ್ತಿಗೆ ನೋಟರ್ ಡೇಮ್ ಬಡ ತಂಡವೇನಲ್ಲ. ದೂರದರ್ಶನದ ಹಣವನ್ನು ಒಕ್ಕೂಟದವರ ಜೊತೆ ಹಂಚಿಕೊಳ್ಳಬೇಕಾಗಿಲ್ಲ ಎಂಬುದೂ ಸ್ವಾತಂತ್ರ್ಯದ ಒಂದು ಮುಖವೇ. ಪಾಲಾರ್‌ನ ನಮ್ಮ ಹುಡುಗರನ್ನು ಅವರೊಡನೆ ಹೋಲಿಸುವಾಗ ಈ ವ್ಯತ್ಯಾಸವನ್ನು ಮುಚ್ಚಿಡಬಾರದು.

ಪಂದ್ಯಪಟ್ಟಿ ಎಂದರೆ ಲೆಕ್ಕಾಚಾರ ಮಾತ್ರವೂ ಅಲ್ಲ. ಎರಡನೆಯ ಮಹಾಯುದ್ಧದಲ್ಲಿ ಹುಡುಗರೆಲ್ಲ ಸೈನ್ಯಕ್ಕೆ ಹೋಗಿ ತರಗತಿಗಳು ಖಾಲಿಯಾದಾಗ, ಅಮೆರಿಕದ ನೌಕಾಪಡೆ ತನ್ನ ಅಧಿಕಾರಿಗಳ ತರಬೇತಿಯನ್ನು ನೋಟರ್ ಡೇಮ್‌ನಲ್ಲಿ ನಡೆಸಿ ಸಂಸ್ಥೆಯನ್ನು ಉಳಿಸಿತು. ಆ ಋಣಕ್ಕಾಗಿ ನೌಕಾ ಅಕಾಡೆಮಿ ಆಡಲು ಬಯಸುವ ತನಕ ಅವರೊಡನೆ ಪ್ರತಿವರ್ಷ ಆಡುತ್ತೇವೆ ಎಂಬ ಮಾತನ್ನು ನೋಟರ್ ಡೇಮ್ ನಡೆಸಿಕೊಂಡು ಬಂದಿದೆ. 1927ರಿಂದ ಈ ಪಂದ್ಯ ತಪ್ಪಿದ್ದು ಕೋವಿಡ್‌ನ 2020ರಲ್ಲಿ ಮಾತ್ರ. 1964ರಿಂದ 2006ರವರೆಗೆ ಸತತ 43 ಬಾರಿ ನೋಟರ್ ಡೇಮ್ ಗೆದ್ದಿತು. ಇಷ್ಟು ಸುಲಭದ ಎದುರಾಳಿಯನ್ನು ಏಕೆ ಇಟ್ಟುಕೊಂಡಿದ್ದೀರಿ, ಪಟ್ಟಿಯ ತೂಕ ಕಡಿಮೆಯಾಗುತ್ತದಲ್ಲ ಎಂದು ಟೀಕಿಸಿದವರಿದ್ದಾರೆ. ಉಪಕಾರ ಸ್ಮರಣೆಗೆ ಶ್ರೇಯಾಂಕದ ಕೋಷ್ಟಕದಲ್ಲಿ ಅಂಕಣವಿಲ್ಲ.

2014ರಿಂದ ಪದ್ಧತಿ ಬದಲಾಯಿತು. ಆಯ್ಕೆ ಸಮಿತಿಯೊಂದು ಕುಳಿತು ನಾಲ್ಕು ತಂಡಗಳನ್ನು ಆರಿಸುವುದು, ಅವು ತಮ್ಮತಮ್ಮಲ್ಲಿ ಆಡಿ ಚಾಂಪಿಯನ್ ಯಾರೆಂದು ತೀರ್ಮಾನಿಸುವುದು. ಅದೇ ವರ್ಷದಿಂದ ನೋಟರ್ ಡೇಮ್ ಅಟ್ಲಾಂಟಿಕ್ ಕರಾವಳಿಯ ಒಕ್ಕೂಟದೊಡನೆ ಒಂದು ಅರೆ ಒಪ್ಪಂದ ಮಾಡಿಕೊಂಡಿತು. ಸದಸ್ಯತ್ವವಿಲ್ಲ, ಆದರೆ ವರ್ಷಕ್ಕೆ ಸರಾಸರಿ ಐದು ಪಂದ್ಯ ಅವರೊಡನೆ. 2024ರಲ್ಲಿ ನಾಲ್ಕು ತಂಡಗಳ ಬದಲು 12 ಆಯಿತು. ಅದರಲ್ಲೂ ಒಂದು ಕೊಕ್ಕೆ ಇತ್ತು. ಮೊದಲ ಸುತ್ತು ಆಡದೆ ನೇರವಾಗಿ ಮುಂದೆ ಹೋಗುವ ನಾಲ್ಕು ಸ್ಥಾನಗಳು ಒಕ್ಕೂಟಗಳ ಚಾಂಪಿಯನ್ನರಿಗೆ ಮೀಸಲು. ಒಕ್ಕೂಟ ಸೇರದ ತಂಡ ಒಂದೂ ಸೋಲದೆ ಬಂದರೂ ಆ ನಾಲ್ಕರಲ್ಲಿ ಬರುವಂತಿರಲಿಲ್ಲ. ಆ ವರ್ಷ ಸೆಪ್ಟೆಂಬರ್ 7ರಂದು, ಕನ್ಯಾಮರಿಯಮ್ಮನವರ ಜನನೋತ್ಸವದ ಮುನ್ನಾದಿನ, ನೋಟರ್ ಡೇಮ್ ತನ್ನ ಊರಿನಲ್ಲೇ ನಾರ್ದರ್ನ್ ಇಲಿನಾಯ್ ಎಂಬ ಸಣ್ಣ ತಂಡಕ್ಕೆ 16-14ರಿಂದ ಸೋತಿತು. ಸುಲಭವೆಂದು ಬರೆದುಕೊಂಡ ಪಂದ್ಯವೇ ಕೊರಳಿಗೆ ಬಂದಿತು. ಅಲ್ಲಿಂದ ಮುಂದೆ ಒಂದೂ ಸೋಲದೆ ಒಳಸೇರಿ, ಇಂಡಿಯಾನಾ, ಜಾರ್ಜಿಯಾ, ಪೆನ್ ಸ್ಟೇಟ್ ತಂಡಗಳನ್ನು ದಾಟಿ ಫೈನಲ್‌ಗೆ ಹೋಗಿ, 2025ರ ಜನವರಿ 20ರಂದು ಓಹಾಯೊ ಸ್ಟೇಟ್‌ಗೆ 34-23ರಿಂದ ತಲೆಬಾಗಿದರು.

ಮುಂದಿನ ಋತುವಿನ ಕಥೆ ಇನ್ನೂ ಹಸಿಯಾಗಿದೆ. ಪಂದ್ಯಪಟ್ಟಿ ಬರೆಯುವುದು ಎಷ್ಟೋ ವರ್ಷಗಳ ಮುಂಚೆ. ಬರೆಯುವಾಗ ಬಲಿಷ್ಠವಾಗಿದ್ದ ತಂಡ ಆಡುವ ವೇಳೆಗೆ ಬಡವಾಗಿರಬಹುದು, ಬಡವಾಗಿದ್ದದ್ದು ಬಲಿತಿರಬಹುದು. ನಮ್ಮ ಕಡೆ ಮಳೆ ನಂಬಿ ರಾಗಿ ಬಿತ್ತಿದ ಹಾಗೆ. 2025ರಲ್ಲಿ ನೋಟರ್ ಡೇಮ್‌ನ ಪಟ್ಟಿ ತಲೆಭಾರವಾಗಿತ್ತು. ಆಗಸ್ಟ್ 31ರಂದು ಮೊದಲ ಪಂದ್ಯವೇ ಮಯಾಮಿಯಲ್ಲಿ, 27-24ರಿಂದ ಸೋಲು. ಸೆಪ್ಟೆಂಬರ್ 13ರಂದು ಟೆಕ್ಸಸ್ ಎ ಅಂಡ್ ಎಂ ಎದುರು 41-40ರಿಂದ ಸೋಲು. ಎರಡೂ ಸೇರಿ ನಾಲ್ಕೇ ಅಂಕ. ಆಮೇಲಿನ ಹತ್ತು ಪಂದ್ಯಗಳನ್ನೂ ಗೆದ್ದರು, ಒಂದೊಂದರಲ್ಲೂ ಕನಿಷ್ಠ 10 ಅಂಕಗಳ ಅಂತರ. ಆದರೆ ಆ ಹತ್ತರಲ್ಲಿ ದೊಡ್ಡ ಹೆಸರುಗಳು ಕಡಿಮೆ. ಒಕ್ಕೂಟದ ತಂಡಗಳಿಗಾದರೆ ಡಿಸೆಂಬರ್ ಆರಂಭದಲ್ಲಿ ಒಕ್ಕೂಟದ ಫೈನಲ್ ಎಂಬ ಇನ್ನೊಂದು ಅವಕಾಶ ಇರುತ್ತದೆ. ಸ್ವತಂತ್ರ ತಂಡ ಆ ಶನಿವಾರ ಮನೆಯಲ್ಲಿ ಕುಳಿತು ಟಿ.ವಿ. ನೋಡಬೇಕು.

ಆ ಶನಿವಾರಕ್ಕೆ ಮುಂಚಿನ ಶ್ರೇಯಾಂಕದಲ್ಲಿ ನೋಟರ್ ಡೇಮ್ 10ನೆಯ ಸ್ಥಾನದಲ್ಲಿತ್ತು, ಮಯಾಮಿ 12ನೆಯದು. ಶನಿವಾರ ಎರಡೂ ಆಡಲಿಲ್ಲ. 2025ರ ಡಿಸೆಂಬರ್ 7ರ ಭಾನುವಾರ, ಅಮಲೋದ್ಭವ ಮಾತೆಯ ಹಬ್ಬದ ಮುನ್ನಾದಿನ, ಕೊನೆಯ ಪಟ್ಟಿ ಪ್ರಕಟವಾದಾಗ ಮಯಾಮಿ 10, ನೋಟರ್ ಡೇಮ್ 11. ನಡುವೆ ಇದ್ದ ಬಿವೈಯು ತಂಡ ಶನಿವಾರ ಸೋತು ಕೆಳಗೆ ಇಳಿದದ್ದರಿಂದ ಇವೆರಡು ಅಕ್ಕಪಕ್ಕ ಬಂದವು. ಅಕ್ಕಪಕ್ಕ ಬಂದ ಮೇಲೆ ಆಗಸ್ಟಿನ ಮುಖಾಮುಖಿಯನ್ನು ತೂಗಿದೆವು ಎಂದು ಸಮಿತಿ ವಿವರಿಸಿತು. ಕೊನೆಯ ಎರಡು ಸ್ಥಾನಗಳು ಕೆಳಗಿನ ಶ್ರೇಯಾಂಕದ ಒಕ್ಕೂಟ ಚಾಂಪಿಯನ್ನರಿಗೆ ಮೀಸಲಾಗಿದ್ದರಿಂದ 11ನೆಯವರಿಗೆ 12ರ ಪಟ್ಟಿಯಲ್ಲಿ ಜಾಗವಿರಲಿಲ್ಲ.

ಈಗ 1993ರ ವಾದವನ್ನು ನೆನಪಿಸಿಕೊಳ್ಳಿ. ಅಂದು ಮುಖಾಮುಖಿ ಗೆದ್ದವರು ನೋಟರ್ ಡೇಮ್, ಸೋಲಿನ ಎಣಿಕೆ ಸಮ, ತೀರ್ಪು ಅವರ ವಿರುದ್ಧ. 2025ರಲ್ಲಿ ಮುಖಾಮುಖಿ ಸೋತವರು ನೋಟರ್ ಡೇಮ್, ಸೋಲಿನ ಎಣಿಕೆ ಸಮ, ತೀರ್ಪು ಮತ್ತೆ ಅವರ ವಿರುದ್ಧ. ಎರಡರಲ್ಲಿ ಒಂದು ತೀರ್ಪು ಸರಿಯಾಗಿದ್ದರೆ ಇನ್ನೊಂದು ತಪ್ಪಾಗಿರಬೇಕಲ್ಲವೇ? ನಮ್ಮ ಅಭಿಪ್ರಾಯ ಕೇಳಿದರೆ, 2025ರ ತೀರ್ಪು ಸರಿ, 1993ರದ್ದು ತಪ್ಪು. ಅಂಗಳದಲ್ಲಿ ಎದುರುಬದುರಾಗಿ ಆಡಿ ತೀರಿದ್ದನ್ನು ಕೋಣೆಯಲ್ಲಿ ಕುಳಿತವರು ತಿದ್ದಬಾರದು. ಆದರೆ ಮುಖಾಮುಖಿಗೆ ಅಷ್ಟು ತೂಕವಿದ್ದರೆ ಅದುವರೆಗಿನ ವಾರಗಳಲ್ಲೆಲ್ಲ ನೋಟರ್ ಡೇಮ್ ಅನ್ನು ಮೇಲಿಟ್ಟದ್ದು ಏಕೆ? ಆ ಪ್ರಶ್ನೆಗೆ ಒಪ್ಪುವ ಉತ್ತರ ನಮಗೆ ಸಿಕ್ಕಿಲ್ಲ. ನೊಂದ ನೋಟರ್ ಡೇಮ್ ಬೇರೆ ಪಂದ್ಯಕ್ಕೆ ಬಂದ ಕರೆಯನ್ನೂ ನಿರಾಕರಿಸಿ ಋತುವನ್ನು ಅಲ್ಲಿಗೇ ಮುಗಿಸಿತು. ಅದು ನಮಗೆ ಅಷ್ಟೇನೂ ಹಿಡಿಸಲಿಲ್ಲ. ಕೊನೆಯದಾಗಿ ಒಳಸೇರಿದ ಮಯಾಮಿಯಾದರೋ ಫೈನಲ್ ತನಕ ಹೋಗಿ ಇಂಡಿಯಾನಾಕ್ಕೆ ಸೋತಿತು.

2026ರಿಂದ ಮೊದಲ 12 ಶ್ರೇಯಾಂಕದೊಳಗೆ ಬಂದರೆ ನೋಟರ್ ಡೇಮ್‌ಗೆ ಪ್ರವೇಶ ಖಚಿತ ಎಂಬ ಒಪ್ಪಂದ ಜಾರಿಗೆ ಬರುತ್ತದೆ. ಅದು ಈ ಗಲಾಟೆಗೆ ಮುಂಚೆಯೇ ಆಗಿದ್ದ ಒಪ್ಪಂದ. ಒಂದು ವರ್ಷ ಮೊದಲೇ ಬಂದಿದ್ದರೆ ಈ ಕಥೆಯೇ ಬೇರೆ.

ನಮ್ಮ ಮನಸ್ಸಿಗೆ ಹೆಚ್ಚು ನಾಟಿದ ಸುದ್ದಿ ಅದಾದ ಕೆಲವೇ ದಿನಗಳಲ್ಲಿ ಬಂದಿತು. 1926ರಲ್ಲಿ ರಾಕ್ನಿಯವರ ಕಾಲದಲ್ಲಿ ಶುರುವಾದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಎದುರಿನ ಪಂದ್ಯ, ಯುದ್ಧದ 1943ರಿಂದ 45 ಮತ್ತು ಕೋವಿಡ್‌ನ 2020 ಬಿಟ್ಟರೆ, ಪ್ರತಿವರ್ಷ ನಡೆದು ಬಂದಿತ್ತು. ಒಂದು ವರ್ಷ ಇವರು ರೈಲಿನಲ್ಲಿ ಎರಡು ಸಾವಿರ ಮೈಲಿ ಹೋಗುವುದು, ಇನ್ನೊಂದು ವರ್ಷ ಅವರು ಬರುವುದು. ಆ ವಿಶ್ವವಿದ್ಯಾಲಯ ಈಗ ಬಿಗ್ ಟೆನ್ ಒಕ್ಕೂಟಕ್ಕೆ ಸೇರಿದೆ. ಅಲ್ಲಿನ ಪಂದ್ಯಗಳೇ ಸಾಕಷ್ಟು ಕಠಿಣ, ಅದರ ನಡುವೆ ಇನ್ನೊಂದು ಕಷ್ಟದ ಪಂದ್ಯ ಏಕೆ ಎಂಬ ಯೋಚನೆ ಅವರದ್ದು. ಯಾವ ತಿಂಗಳಲ್ಲಿ ಆಡುವುದು ಎಂಬ ಮಾತು ಮುರಿದುಬಿದ್ದು, 2026ರ ಪಟ್ಟಿಯಿಂದ ಆ ಪಂದ್ಯ ಬಿದ್ದುಹೋಯಿತು. 2025ರ ಅಕ್ಟೋಬರ್ 18ರಂದು ಸೌತ್ ಬೆಂಡ್‌ನಲ್ಲಿ 34-24ರಿಂದ ನೋಟರ್ ಡೇಮ್ ಗೆದ್ದದ್ದೇ ಸದ್ಯಕ್ಕೆ ಕೊನೆಯದು.

ಇದನ್ನು ಓದಿ ಹೇಳಿದಾಗ ನಮ್ಮ ಟೆಂಪೋದ ಹುಡುಗ ಕೇಳಿದ, "ಹಾಗಾದ್ರೆ ಕಷ್ಟದ ಟೀಮ್ ಜೊತೆ ಆಡೋದನ್ನ ಅವರೂ ಬಿಟ್ಟುಬಿಡ್ತಾರಾ ಸ್ವಾಮಿ?" ಕ್ಯಾಲಿಫೋರ್ನಿಯಾದವರ ಬದಲಿಗೆ 2026ಕ್ಕೂ 2027ಕ್ಕೂ ಬಿವೈಯು ತಂಡವನ್ನು ಪಟ್ಟಿಗೆ ಸೇರಿಸಿಕೊಂಡಿದ್ದಾರೆ ಎಂದು ತಿಳಿಸಿದೆವು. ಅದು 2025ರಲ್ಲಿ 12ನೆಯ ಶ್ರೇಯಾಂಕದಲ್ಲಿ ನಿಂತು, ನೋಟರ್ ಡೇಮ್‌ನಂತೆಯೇ ಹೊರಗುಳಿದ ತಂಡ. ನೌಕಾ ಅಕಾಡೆಮಿಯ ಪಂದ್ಯವೂ ಪಟ್ಟಿಯಲ್ಲಿದೆ.